ಕರುಳಿನ ರೋಗವೂ ಹರೆಯದ ಒಲವೂ

ಹೊಟ್ಟೆನೋವೆಂದು ಹೇಳಿಕೊಳ್ಳಲು ನಾವು ಯಾರೂ ನಾಚುವುದಿಲ್ಲ. ಆದರೆ ದಿನಕ್ಕೆ ಹಲವು ಬಾರಿ ರಕ್ತಮಿಶ್ರಿತ ಭೇದಿಯಾಗುತ್ತಿದೆಯೆಂಬುದನ್ನು 17 ವರ್ಷದ ತರುಣನಾಗಲಿ ತರುಣಿಯಾಗಲಿ ಯಾರೊಡನೆ ಹೇಳಿಕೊಳ್ಳಬೇಕು? ಅದರಲ್ಲಿಯೂ ಮನಸ್ಸು ಮೆಚ್ಚಿದವರ ಮುಂದೆ ಹೇಗೆ ಹೇಳಬೇಕು?

ದೇವದುರ್ಗದಿಂದಲೋ ಮಾನ್ವಿಯಿಂದಲೋ ರಾಯಚೂರಿನ ಕಾಲೇಜಿಗೆ ನಿತ್ಯವೂ ಬಸ್ಸಿನಲ್ಲಿ ಬಂದುಹೋಗುವ ಇಂಥ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ದಾರಿಯಲ್ಲಿ ಶೌಚಾಲಯವೆಲ್ಲಿದೆಯೆಂಬ ಚಿಂತೆಯಿಂದಲೇ ಆಕೆಯ ದಿನ ಆರಂಭವಾಗುತ್ತದೆ. ಆಕೆ ಗೆಳತಿಯರೊಡನೆ ಊಟಕ್ಕೆ ಕೂಡಳು. ಒಲವಿನಿಂದ ಮಾತನಾಡಿಸಿದವರಿಂದಲೂ ದೂರ ಸರಿಯುವಳು. ನೋಡಿದವರು ಅದನ್ನು ಗರ್ವವೆಂದು ತಿಳಿಯುವರು.

ದೀರ್ಘಕಾಲ ಕಾಡುವ ಕರುಳಿನ ಉರಿಯೂತಗಳಲ್ಲಿ ಮುಖ್ಯವಾದುವು ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣುಗಳನ್ನುಂಟುಮಾಡುತ್ತದೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಕ್ರೋನ್ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿದ ಕ್ರೋನ್ ರೋಗವು ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ತಲೆದೋರಬಹುದು. ನಮ್ಮ ದೇಶದಲ್ಲಿ ಅದನ್ನು ಕರುಳಿನ ಕ್ಷಯದಿಂದ ಬೇರ್ಪಡಿಸಿ ಗುರುತಿಸುವುದು ವೈದ್ಯರಿಗೂ ಸುಲಭವಲ್ಲ. ಆದರೆ ಈ ಎರಡು ಉರಿಯೂತಗಳೂ ಅಂಟುರೋಗಗಳಲ್ಲ. ಸ್ಪರ್ಶದಿಂದಾಗಲಿ ಸಹಭೋಜನದಿಂದಾಗಲಿ ದಾಂಪತ್ಯದಿಂದಾಗಲಿ ಹರಡುವುದಿಲ್ಲ. ಎಳೆಯ ವಯಸ್ಸಿನಲ್ಲಿ ಬಂದರೆ ಬೆಳವಣಿಗೆ ಕುಂಠಿತವಾಗಿ ಮೈನೆರೆಯುವುದು ತಡವಾಗಬಹುದು. ಸ್ಟೀರಾಯ್ಡ್ ಔಷಧಿಯಿಂದ ಮುಖ ಊದಿಕೊಂಡು ಮೊಡವೆಗಳೇಳಬಹುದು. ಕನ್ನಡಿಯ ಮುಂದೆ ನಿಲ್ಲುವ ಹರೆಯದಲ್ಲಿ ಇದು ಅಲ್ಪ ದುಃಖವಲ್ಲ.

ಆದರೂ ರೋಗದ ಕೇಡನ್ನು ಇಮ್ಮಡಿಸುವುದು ಅದನ್ನು ಮುಚ್ಚಿಡುವ ರೂಢಿಯೆಂದು ನಾವು ಭಾವಿಸುತ್ತೇವೆ. ಗಂಡಿನವರು ಕನ್ಯೆ ನೋಡಲು ಬರುವ ದಿನ ಅಡಗಿಸಿಟ್ಟ ಮಾತ್ರೆಗಳನ್ನು ಮದುವೆಯಾದ ಮೇಲೆ ಬಹಿರಂಗವಾಗಿ ಸೇವಿಸುವುದು ಹೇಗೆ? ಔಷಧಿ ನಿಂತರೆ, ಶಾಂತವಾಗಿದ್ದ ರೋಗ ಮತ್ತೆ ಕೆರಳಬಹುದು. ರೋಗ ಶಾಂತವಾಗಿರುವಾಗ ಗರ್ಭ ಧರಿಸಿದ ಬಹುಪಾಲು ಸ್ತ್ರೀಯರು ಆರೋಗ್ಯವಂತ ಶಿಶುಗಳನ್ನೇ ಹೆರುತ್ತಾರೆ. ಮೆಥೊಟ್ರೆಕ್ಸೇಟ್‌ನಂಥ ಕೆಲವು ಔಷಧಿಗಳನ್ನು ಗರ್ಭಧಾರಣೆಗೆ ಬಹಳ ಮೊದಲೇ ನಿಲ್ಲಿಸಬೇಕು. ಅದನ್ನು ನಿರ್ಧರಿಸಬೇಕಾದುದು ವೈದ್ಯರ ವಿವೇಕ, ಅತ್ತೆಯ ಮನೆಯ ಅಂಜಿಕೆಯಲ್ಲ.

ಎಲ್ಲರಿಗೂ ಎಲ್ಲವನ್ನೂ ತಿಳಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಸ್ನೇಹಿತರಿಗೆ, "ನನಗೆ ಕರುಳಿನ ಕಾಯಿಲೆಯಿದೆ, ಆಗಾಗ ಎದ್ದುಹೋಗಬೇಕಾಗುತ್ತದೆ" ಎಂದರೆ ಸಾಕು. ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ರೋಗಿಯ ಹಕ್ಕು. ಬಾಳಸಂಗಾತಿಯಾಗುವವರಿಗೆ ಮಾತ್ರ ಲಗ್ನಕ್ಕೆ ಮೊದಲೇ ಸತ್ಯ ತಿಳಿದಿರಬೇಕು; ಅದು ಇಬ್ಬರಿಗೂ ಸಲ್ಲುವ ನ್ಯಾಯ.

ಆರೋಗ್ಯವಂತರಾದ ವಾಚಕರಲ್ಲಿಯೂ ನಮ್ಮದೊಂದು ಬಿನ್ನಹ. ತರಗತಿಯ ನಡುವೆ ಸಹಪಾಠಿಯೊಬ್ಬರು ಅವಸರದಿಂದ ಹೊರಗೆ ಹೋದರೆ ನಗಬೇಡಿರಿ. ಅವರು ಹಿಂದಿರುಗಿದಾಗ, ತಪ್ಪಿಹೋದ ಪಾಠದ ಟಿಪ್ಪಣಿಯನ್ನು ಮುಂದಿಡಿರಿ. ಹರೆಯದ ಸ್ನೇಹವೂ ಒಲವೂ ಇಷ್ಟು ಸಣ್ಣ ಉಪಕಾರದಿಂದಲೇ ಮೊಳೆಯುವುದುಂಟು.