ಹಲ್ಲು ಎಣಿಸಿ, ಕಾಲು ನೋಡಿ

ಈ ವಾರ ಮಕ್ಕಳಿಗೆ ಒಂದು ಲೆಕ್ಕ, ಅಜ್ಜ-ಅಜ್ಜಿಯರಿಗೆ ಒಂದು ಕೆಲಸ. ಎರಡನ್ನೂ ಕೂಡಿ ಮಾಡಿದರೆ ಮನೆಯಲ್ಲಿ ಒಂದು ಸೈಕಲ್ ಎದ್ದು ನಿಲ್ಲುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಮನೆಗಳಲ್ಲಿ ಹಿತ್ತಲಲ್ಲೋ ಮೆಟ್ಟಿಲ ಕೆಳಗೋ ಒಂದು ಹಳೆಯ ಸೈಕಲ್ ಒರಗಿಕೊಂಡಿರುತ್ತದೆ. ಅಜ್ಜನ ಕರಿ ಸೈಕಲ್ ಇರಬಹುದು. ಇಲ್ಲವೇ ಎಂಟನೇ ಇಯತ್ತೆಯಲ್ಲಿ ಸರ್ಕಾರ ಕೊಟ್ಟ ಸೈಕಲ್ ಇರಬಹುದು. ನಮ್ಮ ರಾಜ್ಯದಲ್ಲಿ ಆ ಯೋಜನೆ 2006-07ರಲ್ಲಿ ಶುರುವಾಯಿತು, ಕೋವಿಡ್ ಕಾಲದಲ್ಲಿ ನಿಂತಿತು. ದೂರದ ಹೈಸ್ಕೂಲಿಗೆ ನಡೆಯಲಾಗದೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆ ಬಿಡಬಾರದು ಎಂಬುದು ಅದರ ಉದ್ದೇಶ. ಆಗ ಬಂದ ಸೈಕಲ್ಲುಗಳು ಊರೂರಲ್ಲಿ ಇನ್ನೂ ಇವೆ. ಗುಜರಿಯವನು ಬಂದರೆ ಅವನ್ನು ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಕೊಡುವ ಮುಂಚೆ ಈ ಬರಹ ಓದಿ.

ಈ ಸೈಕಲ್ಲುಗಳಿಗೆ ಜನ ‘ಗೇರ್ ಇಲ್ಲದ ಸೈಕಲ್’ ಎನ್ನುತ್ತಾರೆ. ಗೇರ್ ಇದೆ, ಒಂದೇ ಇದೆ. ಅದನ್ನು ಕಾರ್ಖಾನೆಯವರು ನಮ್ಮನ್ನು ಕೇಳದೆ ಆರಿಸಿಬಿಟ್ಟಿರುತ್ತಾರೆ. ಆ ಒಂದು ಗೇರನ್ನು ತುಳಿಯುವವರ ಕಾಲಿಗೆ ತಕ್ಕಂತೆ ಆರಿಸಿಕೊಳ್ಳುವುದೇ ಇವತ್ತಿನ ವಿಷಯ.

ಮೊದಲು ಲೆಕ್ಕ. ಮಕ್ಕಳೇ, ಪೆಡಲ್ ಪಕ್ಕದ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನ್‌ವೀಲ್ ಎಂದು ಹೆಸರು. ಹಿಂದಿನ ಗಾಲಿಯ ನಡುವೆ ಇರುವ ಚಿಕ್ಕದು ಫ್ರೀವೀಲ್. ಒಂದು ಹಲ್ಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಅಲ್ಲಿಂದ ಎಣಿಸಿ. ಬೆರಳನ್ನು ಮಾತ್ರ ಚೈನಿನಿಂದ ದೂರ ಇಡಿ. ಹಳೆಯ ಕರಿ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 48 ಅಥವಾ 44, ಹಿಂದೆ 18 ಹಲ್ಲು ಸಿಗುತ್ತವೆ. 48ನ್ನು 18ರಿಂದ ಭಾಗಿಸಿದರೆ 2.67. ಅಂದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಎರಡೂ ಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ.

ಗಾಲಿಯ ಅಡ್ಡಳತೆ ಟಯರ್ ಸಮೇತ 28 ಇಂಚು. ಶಾಲೆಯಲ್ಲಿ ಕಲಿತ 22/7 ಇಲ್ಲಿ ಕೆಲಸಕ್ಕೆ ಬರುತ್ತದೆ. 28 ಗುಣಿಸು 22, ಭಾಗಿಸು 7: ಸರಿಯಾಗಿ 88 ಇಂಚು. ಗಾಲಿ ಒಂದು ಸುತ್ತಿಗೆ 88 ಇಂಚು ಹೋದರೆ, ಪೆಡಲ್ಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 235 ಇಂಚು, ಅಂದರೆ ಹತ್ತಿರಹತ್ತಿರ 6 ಮೀಟರ್ ಹೋಗುತ್ತದೆ.

ಈಗ ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಿ. 48 ಭಾಗಿಸು 22, ಗುಣಿಸು 88: ಸರಿಯಾಗಿ 192 ಇಂಚು, ಅಂದರೆ 16 ಅಡಿ. ಮೀಟರಿನಲ್ಲಿ 4.88. ಪ್ರತಿ ಸುತ್ತಿಗೆ ಒಂದು ಮೀಟರಿಗಿಂತ ಹೆಚ್ಚು ಕಡಿಮೆಯಾಯಿತು. ನಷ್ಟವೇ? ನಾನು ಬ್ಯಾಂಕಿನಲ್ಲಿ ಇದ್ದವನು, ಸಾಲದ ಕಂತಿನ ಲೆಕ್ಕದಲ್ಲಿ ಹೇಳುತ್ತೇನೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್ ಎಂದುಕೊಳ್ಳಿ. ಎಲ್ಲೂ ಪೆಡಲ್ ನಿಲ್ಲಿಸದೆ ತುಳಿದರೆ 18 ಹಲ್ಲಿನ ಸೈಕಲ್ಲಿಗೆ ಸುಮಾರು 3,355 ಸುತ್ತು, 22 ಹಲ್ಲಿನದಕ್ಕೆ ಸುಮಾರು 4,100 ಸುತ್ತು. ಆದರೆ ಒಂದೊಂದು ಸುತ್ತಿಗೆ ಕಾಲು ಹಾಕಬೇಕಾದ ಒತ್ತಡ ಮೊದಲಿನದರಲ್ಲಿ 100 ಆದರೆ ಎರಡನೆಯದರಲ್ಲಿ ಸುಮಾರು 82. ಅಸಲು ಅಷ್ಟೇ, ದಾರಿ ಅಷ್ಟೇ. ದೊಡ್ಡ ಕಂತಿನಲ್ಲಿ ಬೇಗ ತೀರಿಸುತ್ತೀರೋ, ಸಣ್ಣ ಕಂತಿನಲ್ಲಿ ನಿಧಾನ ತೀರಿಸುತ್ತೀರೋ ಎಂಬುದು ಕಾಲಿನ ಆದಾಯ ನೋಡಿ ಗೊತ್ತುಮಾಡಬೇಕು. ಶಕ್ತಿ ಮೀರಿ ದೊಡ್ಡ ಕಂತು ಕಟ್ಟಲು ಹೋದವರು ನಡುವೆ ನಿಲ್ಲಿಸುತ್ತಾರೆ.

ಸೈಕಲ್ಲಿನಲ್ಲೂ ಹಾಗೆಯೇ ಆಗುತ್ತದೆ. ನಮ್ಮ ಮೊಮ್ಮಗಳು ಎಂಟನೇ ಇಯತ್ತೆ. ಮನೆಯಿಂದ ಶಾಲೆಗೆ ಎರಡೂವರೆ ಕಿಲೋಮೀಟರ್, ನಡುವೆ ಒಂದು ಏರು. ಮನೆಯಲ್ಲಿದ್ದ ಹಳೆಯ ಸೈಕಲ್ ಅವಳಿಗೆ ಕೊಟ್ಟೆವು. ದಿನಾ ಆ ಏರಿನಲ್ಲಿ ಇಳಿದು ತಳ್ಳುತ್ತಿದ್ದಳು. ಮೂರನೇ ವಾರಕ್ಕೆ ಬಂದು ಹೇಳಿದಳು:

“ಅಜ್ಜಾ, ನನಗ ಸೈಕಲ್ ಬ್ಯಾಡ. ಅಪ್ಪಗ ಬಿಡಾಕ ಹೇಳು.”

“ಸೈಕಲ್ ಬ್ಯಾಡೋ, ಏರು ಬ್ಯಾಡೋ?”

“ಏರು ಬ್ಯಾಡ.”

“ಏರು ತಗಿಯಾಕ ನನಗ ಆಗೂದಿಲ್ಲವ್ವಾ. ಹಲ್ಲು ಬದಲಿ ಮಾಡಬಹುದು.”

ಅವಳ ಅಪ್ಪನಿಗೆ ಬೆಳಿಗ್ಗೆ ಪಾಳಿಯ ಕೆಲಸ. ಅವಳು ತಾನೇ ಹೋಗಿ ಬಂದರೆ ಎಲ್ಲ ಸರಾಗ. ಇಲ್ಲದಿದ್ದರೆ ದಿನಾ ಒಬ್ಬರ ಕೆಲಸ ಕೆಡುತ್ತದೆ, ಮಳೆ ಬಂದ ದಿನ ಶಾಲೆಯೂ ತಪ್ಪುತ್ತದೆ. ಹೀಗೆ ಕೆಲವು ಮನೆಗಳಲ್ಲಿ ಒಂದೊಂದು ದಿನ ತಪ್ಪುತ್ತ ಶಾಲೆಯೇ ಬಿಟ್ಟುಹೋಗುವುದನ್ನು ನೋಡಿದ್ದೇವೆ.

ಸೈಕಲ್ ಅಂಗಡಿಯಲ್ಲಿ 22 ಹಲ್ಲಿನ ಫ್ರೀವೀಲ್ ಹಾಕಿಸಿದೆವು. ನಿಮಿಷಕ್ಕೆ 60 ಸುತ್ತು ತುಳಿದರೆ ಶಾಲೆ ಮುಟ್ಟಲು ಮೊದಲು 7 ನಿಮಿಷ ಬೇಕು ಎಂಬ ಲೆಕ್ಕ, ಈಗ ಎಂಟೂವರೆ. ಕಾಗದದ ಮೇಲೆ ಒಂದೂವರೆ ನಿಮಿಷ ತಡ. ರಸ್ತೆಯ ಮೇಲೆ ಬೇಗವೇ ಹೋಗುತ್ತಾಳೆ, ಏಕೆಂದರೆ ಈಗ ಏರಿನಲ್ಲಿ ಇಳಿಯುವುದಿಲ್ಲ.

ನೀವು ಮಾಡಿಸುವಾಗ ನೆನಪಿಡಬೇಕಾದದ್ದು ಇಷ್ಟು. ಹಳೆಯ ಸೈಕಲ್ಲಿನಲ್ಲಿ ಚೈನ್‌ವೀಲ್ ಬಲಗಡೆಯ ಕ್ರ್ಯಾಂಕಿಗೇ ಕೂಡಿಕೊಂಡಿರುತ್ತದೆ, ಅದನ್ನು ಬದಲಿಸಿದರೆ ಖರ್ಚು ಹೆಚ್ಚು. ಫ್ರೀವೀಲ್ ಬದಲಿಸುವುದು ಅಗ್ಗ. ಆದರೆ ಪ್ರತಿ ತುಳಿತಕ್ಕೂ ಅದು ಹಬ್ಬಿನ ಮೇಲೆ ಇನ್ನಷ್ಟು ಬಿಗಿಯುತ್ತ ಬಂದಿರುತ್ತದೆ. ಬಿಚ್ಚಲು ಬೇರೆ ಸಾಮಾನು ಬೇಕು. ಸುತ್ತಿಗೆ ಹಿಡಿಯದೆ ಅಂಗಡಿಗೆ ಒಯ್ಯಿರಿ. ನಾಲ್ಕು ಹಲ್ಲು ಹೆಚ್ಚಾದರೆ ಅದೇ ಚೈನಿಗೆ ಗಾಲಿ ಸುಮಾರು ಅರ್ಧ ಇಂಚು ಮುಂದೆ ಬರಬೇಕಾಗುತ್ತದೆ. ಅಷ್ಟು ಜಾಗ ಇಲ್ಲದಿದ್ದರೆ ಚೈನಿಗೆ ಕೊಂಡಿ ಸೇರಿಸುತ್ತಾರೆ.

ಇದಕ್ಕಾಗಿಯೇ ಫ್ರೇಮ್ ಆರಿಸುವಾಗ ಹಿಂದಿನ ಗಾಲಿ ಕೂರುವ ಸೀಳನ್ನು ನೋಡಬೇಕು. ಸೀಳು ಅಡ್ಡಕ್ಕೆ ಉದ್ದವಾಗಿದ್ದರೆ ಗಾಲಿಯನ್ನು ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡಬಹುದು. ಈಗಿನ ಬಹಳಷ್ಟು ಗೇರ್ ಸೈಕಲ್ಲುಗಳಲ್ಲಿ ಸೀಳು ನೇರ ಕೆಳಮುಖ. ಅವನ್ನು ಒಂದೇ ಗೇರಿಗೆ ಬದಲಿಸುವುದು ತೊಡಕಿನ ಕೆಲಸ. ಆ ವಿಷಯದಲ್ಲಿ ಅಜ್ಜನ ಫ್ರೇಮೇ ಮೇಲು. ಚೈನ್ ಎಷ್ಟು ಬಿಗಿ ಇರಬೇಕು? ನಡುವೆ ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ಆಡಬೇಕು. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಚೈನ್‌ವೀಲ್, ಫ್ರೀವೀಲ್ ಎರಡೂ ಒಂದೇ ಸಾಲಿನಲ್ಲಿರಬೇಕು. ಇಲ್ಲದಿದ್ದರೆ ಚೈನ್ ಸದ್ದು ಮಾಡುತ್ತದೆ, ಹಲ್ಲು ಬೇಗ ಸವೆಯುತ್ತದೆ.

ಚೈನ್ ಸವೆದಿದೆಯೋ ಇಲ್ಲವೋ ಎಂದು ನೋಡಲು ಮಕ್ಕಳ ಕಂಪಾಸ್ ಪೆಟ್ಟಿಗೆಯ ಪಕ್ಕದ ಅಡಿಪಟ್ಟಿ ಸಾಕು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಹಾಗಾದರೆ 24 ಕೊಂಡಿಗೆ 12 ಇಂಚು. ಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿಯಿರಿ. 24 ಕೊಂಡಿ ದಾಟಿದ ಪಿನ್ 12ರ ಗೆರೆಯ ಮೇಲೆ ಇದ್ದರೆ ಚೈನ್ ಗಟ್ಟಿ. ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ದಾಟಿದ್ದರೆ ಹಲ್ಲುಗಳೂ ಸವೆದಿವೆ ಎಂದೇ ತಿಳಿಯಿರಿ. ಹೊಸ ಚೈನ್ ಒಂದನ್ನೇ ಹಾಕಿದರೆ ಅದು ಹಳೆಯ ಹಲ್ಲಿನ ಮೇಲೆ ಜಾರುತ್ತದೆ.

ಗಾಲಿಯ ಕಡ್ಡಿಗಳನ್ನೂ ಎಣಿಸಿ. ಕರಿ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40. ಸವಾರನ ಭಾರ, ಕ್ಯಾರಿಯರಿನ ಭಾರ ಎರಡೂ ಹಿಂದೆ ಬೀಳುವುದರಿಂದ ಅಲ್ಲಿ ಎಂಟು ಕಡ್ಡಿ ಹೆಚ್ಚು. ಒಂದೊಂದನ್ನೇ ಬೆರಳಿನಿಂದ ಮೀಟಿ ನೋಡಿ. ಒಂದೇ ಬದಿಯ ಕಡ್ಡಿಗಳ ಸ್ವರ ಹೆಚ್ಚುಕಡಿಮೆ ಒಂದೇ ಇರಬೇಕು. ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ಮನ್ಸೂರರು, ಗಂಗೂಬಾಯಿಯವರು ಹಾಡಿದ ಊರಿನವರಿಗೆ ಶ್ರುತಿ ತಪ್ಪಿದ್ದು ಗೊತ್ತಾಗದೇ ಇರುತ್ತದೆಯೇ?

ಬಿಡಿಭಾಗ ಸಿಗುತ್ತವೆಯೇ ಎಂಬ ಚಿಂತೆ ಬೇಡ. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನೀಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಹುಟ್ಟಿದವು. ಮೂವರೂ ಹಳೆಯ ಇಂಗ್ಲಿಷ್ ಸೈಕಲ್ಲಿನ ಮಾದರಿಯನ್ನೇ ಹಿಡಿದಿದ್ದರಿಂದ ಒಬ್ಬರ ಸಾಮಾನು ಬಹುಮಟ್ಟಿಗೆ ಇನ್ನೊಬ್ಬರದಕ್ಕೆ ಕೂರುತ್ತದೆ. ಅಟ್ಲಾಸಿನವರು ಸಾಹಿಬಾಬಾದಿನ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ರಂದು. ವಿಶ್ವಸಂಸ್ಥೆ ಸಾರಿದ ವಿಶ್ವ ಸೈಕಲ್ ದಿನವೂ ಅದೇ! ಕಂಪನಿಯ ಬಾಗಿಲು ಮುಚ್ಚಿದರೂ ಆ ಸೈಕಲ್ಲುಗಳಿಗೆ ಚೈನು, ಕಡ್ಡಿ, ಟಯರ್ ಸಿಗುತ್ತಲೇ ಇವೆ.

ಒಂದು ಭಾಗ ಕೊಳ್ಳುವಾಗ ಮಾತ್ರ ಎಚ್ಚರ. ಎಡಗಡೆಯ ಪೆಡಲ್ ಬೇರೆ, ಬಲಗಡೆಯದು ಬೇರೆ. ಎಡ ಪೆಡಲ್ಲಿನ ತಿರುಪು ಉಲ್ಟಾ. ಎಲ್ಲ ತಿರುಪಿನಂತೆ ಬಲಕ್ಕೆ ತಿರುಗಿಸಿ ಬಿಗಿಮಾಡಲು ಹೋದರೆ ಅದು ಬಿಚ್ಚಿಕೊಳ್ಳುತ್ತದೆ. ಎರಡೂ ಕಡೆ ಒಂದೇ ತರಹ ಇದ್ದಿದ್ದರೆ ತುಳಿಯುತ್ತ ತುಳಿಯುತ್ತ ಎಡಗಡೆಯದು ಕಳಚಿ ಬೀಳುತ್ತಿತ್ತು.

ಇನ್ನು ಮಕ್ಕಳು ಮೊಬೈಲಿನಲ್ಲಿ ನೋಡುವ ‘ಫಿಕ್ಸೆಡ್ ಗೇರ್’ ಸೈಕಲ್ಲಿನ ಮಾತು. ಅದರಲ್ಲಿ ಫ್ರೀವೀಲ್ ಇರುವುದಿಲ್ಲ. ಗಾಲಿ ತಿರುಗುವ ತನಕ ಪೆಡಲ್ಲೂ ತಿರುಗುತ್ತಲೇ ಇರುತ್ತದೆ, ಕಾಲಿಗೆ ವಿಶ್ರಾಂತಿ ಇಲ್ಲ. ಹೊಸತೇನೂ ಅಲ್ಲ, ಅಂಗಳದಲ್ಲಿ ಪುಟ್ಟ ಮಗು ಓಡಿಸುವ ಮೂರು ಗಾಲಿಯ ಸೈಕಲ್ ಹೀಗೆಯೇ ಇರುತ್ತದೆ. ವೆಲೋಡ್ರೋಮ್ ಎಂಬ ಓರೆಯಾದ ಪಥದಲ್ಲಿ ಸ್ಪರ್ಧೆಗೆ ಓಡುವ ಸೈಕಲ್ಲುಗಳೂ ಹೀಗೆಯೇ, ಅವಕ್ಕೆ ಬ್ರೇಕೂ ಇರುವುದಿಲ್ಲ. ದಿಲ್ಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ ಅಂಥ ಪಥ 250 ಮೀಟರಿನದು. ಅಲ್ಲಿ ಎದುರು ಬರುವವರಿಲ್ಲ, ಆಟೋ ಇಲ್ಲ, ಎಮ್ಮೆ ಇಲ್ಲ; ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಸೈಕಲ್ ಸ್ಪರ್ಧೆಗಳಲ್ಲಿ ದೇಶದಲ್ಲೇ ಹೆಸರು ಮಾಡಿದವರು. ಅವರ ಸೈಕಲ್ ನೋಡಿ ನಮ್ಮ ಓಣಿಯ ಒಬ್ಬ ಹುಡುಗ ಬಂದ.

“ಅಜ್ಜಾರ, ಎರಡೂ ಬ್ರೇಕ್ ತಗದ್ರ ಸೈಕಲ್ ಹಗರ ಆಗ್ತೈತ್ರಿ. ಕಾಲಿಲೇ ನಿಲ್ಲಸ್ತೀನಿ.”

“ತಮ್ಮಾ, ಸತ್ತೂರ ಇಳಿಜಾರಿನ್ಯಾಗ ಮುಂದಿನ ಬಸ್ಸು ಗಪ್ ಅಂತ ನಿಂತರ ಕಾಲು ನಿಂದ್ರಸ್ತಾವೇನು?”

ಅವನು ಸುಮ್ಮನಾದ. ನೀವೂ ಕೇಳಿಸಿಕೊಳ್ಳಿ. ಫಿಕ್ಸೆಡ್ ಗೇರಿನ ಹಲ್ಲುಚಕ್ರಕ್ಕೆ ಉಲ್ಟಾ ತಿರುಪಿನ ಬೇರೆ ಬಳೆ ಇರುವ ಹಬ್ಬೇ ಬೇಕು. ಸಾಮಾನ್ಯ ಹಬ್ಬಿಗೆ ಅದನ್ನು ಹಾಕಿದರೆ ಕಾಲಿನಿಂದ ಹಿಂದಕ್ಕೆ ಒತ್ತಿದಾಗ ಚಕ್ರವೇ ಬಿಚ್ಚಿಕೊಳ್ಳಬಹುದು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಸತ್ತೂರು, ರಾಯಾಪುರ, ನವನಗರ, ಉಣಕಲ್ ದಾಟಿ ಬರುವಾಗ ಇಳಿಜಾರು ಸೈಕಲ್ಲನ್ನು ತಾನೇ ಎಳೆಯುತ್ತದೆ. ಆದ್ದರಿಂದ ಯಾವ ಗೇರ್ ಇದ್ದರೂ ರಸ್ತೆಗೆ ಇಳಿಯುವ ಸೈಕಲ್ಲಿಗೆ ಎರಡು ಬ್ರೇಕ್ ಇರಲೇಬೇಕು. ಉಕ್ಕಿನ ರಿಮ್ ಮಳೆಯಲ್ಲಿ ನೆನೆದಾಗ ಬ್ರೇಕ್ ರಬ್ಬರ್ ಜಾರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಹಳ ಮುಂಚೆಯೇ ಬ್ರೇಕ್ ಹಿಡಿಯಲು ಶುರುಮಾಡಬೇಕು. ನವಲಗುಂದದ ಕಡೆಯ ಎರೆ ಮಣ್ಣಿನ ದಾರಿಯಲ್ಲಿ ಓಡಿಸುವವರು ಮಡ್‌ಗಾರ್ಡಿಗೂ ಟಯರಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಮಣ್ಣು ತುಂಬಿ ಗಾಲಿ ತಿರುಗುವುದಿಲ್ಲ.

ಗೇರ್ ಒಂದೇ ಇದ್ದರೆ ಕೀಳು ಎಂದುಕೊಳ್ಳಬೇಡಿ. ಫ್ರಾನ್ಸಿನ ಪ್ರಸಿದ್ಧ ‘ಟೂರ್ ದ ಫ್ರಾನ್ಸ್’ ಸ್ಪರ್ಧೆ 1903ರಲ್ಲಿ ಶುರುವಾಯಿತು. ಈಗಿನಂತೆ ಓಡುತ್ತಲೇ ಗೇರ್ ಬದಲಿಸುವ ಸಾಧನಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅದಕ್ಕೆ ಮುಂಚೆ ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು ಗಾಲಿ ಬಿಚ್ಚಿ ತಿರುಗಿಸಿ ಹಾಕುತ್ತಿದ್ದರು. ಅಷ್ಟು ದೊಡ್ಡ ಸವಾರರೇ ಏರಿಗೆ ಹಲ್ಲು ಬದಲಿಸಿಕೊಂಡರೆ, ಎಂಟನೇ ಇಯತ್ತೆಯ ಹುಡುಗಿ ಬದಲಿಸಿಕೊಳ್ಳಲು ನಾಚಬೇಕೆ?

ಕೊನೆಗೆ ಸೀಟು. ನಮ್ಮ ಕಾಲದಲ್ಲಿ ದೊಡ್ಡವರ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದೇ ಕಲಿತೆವು. ಈಗಿನ ಮಕ್ಕಳಿಗೆ ಆ ಕಷ್ಟ ಬೇಡ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ತಳದಲ್ಲಿರುವ ಪೆಡಲ್ ಮೇಲೆ ಇಡಿ. ಕಾಲು ನೆಟ್ಟಗಾದರೆ ಸೀಟಿನ ಎತ್ತರ ಸರಿ. ಓಡಿಸುವಾಗ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತಾನೇ ಸ್ವಲ್ಪ ಬಾಗುತ್ತದೆ. ಮಂಡಿನೋವಿನ ಅಜ್ಜಂದಿರಿಗೂ ಇದೇ ಅಳತೆ, ಹಿಂದೆ 22 ಹಲ್ಲು.

ಈ ರವಿವಾರ ಹಳೆಯ ಸೈಕಲ್ಲನ್ನು ಅಂಗಳಕ್ಕೆ ತನ್ನಿ. ಅಜ್ಜ ಸ್ಟ್ಯಾಂಡ್ ಹಾಕಿ ಹಿಡಿದುಕೊಳ್ಳಲಿ, ಮೊಮ್ಮಕ್ಕಳು ಎಣಿಸಲಿ. ಮುಂದಿನ ಹಲ್ಲು, ಹಿಂದಿನ ಹಲ್ಲು, ಕಡ್ಡಿ, 24 ಕೊಂಡಿಯ ಉದ್ದ: ನಾಲ್ಕು ಸಂಖ್ಯೆ ಒಂದು ಚೀಟಿಯಲ್ಲಿ ಬರೆದುಕೊಂಡು ಸೈಕಲ್ ಅಂಗಡಿಗೆ ಹೋಗಿ. ಗುಜರಿಯವನು ಮುಂದಿನ ವಾರ ಬಂದರೆ ಹಳೆಯ ರದ್ದಿ ಪೇಪರ್ ಕೊಟ್ಟು ಕಳಿಸಿ.