ವೈಫೈ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ಹ್ಯಾಕ್ ಆಗಿದೆ ಎಂದೇ ಅರ್ಥವೇ?

ವೈಫೈಗೆ ಅಪರಿಚಿತ ಕಂಪ್ಯೂಟರ್ ಸೇರಿಕೊಂಡರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆ, ಕೂಡಲೇ ಈ ಲಿಂಕ್ ಒತ್ತಿ ಆ್ಯಪ್ ಹಾಕಿಕೊಳ್ಳಿ ಎನ್ನುವ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿರುತ್ತವೆ. ಇದರಲ್ಲಿ ನಿಜವೆಷ್ಟು?

ಅಪರಿಚಿತ ಹೆಸರುಗಳು ಎಲ್ಲಿಂದ ಬರುತ್ತವೆ?

ಚಿಮ್ಮಡದ ಒಂದು ಮನೆಯನ್ನು ಊಹಿಸಿಕೊಳ್ಳಿ. ನಾಲ್ಕು ಫೋನು, ಒಂದು ಟಿವಿ, ಬಾಗಿಲಿಗೆ ಸಿಸಿಟಿವಿ ಕ್ಯಾಮೆರಾ, ಹಬ್ಬಕ್ಕೆ ಬಂದ ಅಳಿಯನ ಲ್ಯಾಪ್‌ಟಾಪ್. ರೌಟರ್‌ನ ಪಟ್ಟಿಯಲ್ಲಿ ಇವು "ಅಪ್ಪನ ಫೋನು", "ಟಿವಿ" ಎಂದು ಕಾಣುವುದಿಲ್ಲ. ಒಳಗಿನ ಚಿಪ್ ತಯಾರಿಸಿದ ಕಂಪನಿಯ ಹೆಸರಷ್ಟೇ ಇರಬಹುದು. ಉದಾಹರಣೆಗೆ, ಹಲವು ಸ್ಮಾರ್ಟ್ ಬಲ್ಬ್ ಮತ್ತು ಪ್ಲಗ್‌ಗಳಲ್ಲಿ ಇರುವುದು ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಚಿಪ್. ಆ ಹೆಸರು ಕಂಡರೆ ಚೀನಾದ ಹ್ಯಾಕರ್ ಬಂದ ಎಂದಲ್ಲ, ಅದು ನಿಮ್ಮ ಬಲ್ಬೇ ಇರಬಹುದು.

ಇನ್ನೊಂದು ಕಾರಣ ಫೋನುಗಳೇ. ಪ್ರತಿ ಉಪಕರಣಕ್ಕೂ 12 ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ ಇರುತ್ತದೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ಖಾಸಗಿತನಕ್ಕಾಗಿ ನಿಜವಾದ ವಿಳಾಸ ಮುಚ್ಚಿಟ್ಟು, ಪ್ರತಿ ವೈಫೈಗೂ ಬೇರೆ ಬೇರೆ ವಿಳಾಸ ತೋರಿಸುತ್ತವೆ. ಆದ್ದರಿಂದ ನಿಮ್ಮದೇ ಫೋನು ಹೊಸಬನಂತೆ ಕಾಣಬಹುದು. ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಇಂಥ ತಾತ್ಕಾಲಿಕ ವಿಳಾಸ ಎಂದು ತಿಳಿಯಬಹುದು.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ. ಆದರೆ ಅದು ಹೆಸರಿನಲ್ಲಿಲ್ಲ, ಪಾಸ್‌ವರ್ಡ್‌ನಲ್ಲಿದೆ. ಬ್ಯಾಂಕ್ ಆ್ಯಪ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವುದರಿಂದ, ವೈಫೈಗೆ ಸೇರಿದ ಮಾತ್ರಕ್ಕೆ ಯಾರೂ ನಿಮ್ಮ ಪಿನ್ ಓದಲಾರರು. ಆದರೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ ಅಥವಾ ರೌಟರ್‌ನೊಳಗೆ ನುಗ್ಗಬಹುದು. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿಯಾಯಿತು. ಸಿಕ್ಕಿಬಿದ್ದದ್ದು ಕಂಪನಿಯಿಂದ ಬಂದಾಗಿನ "ಅಡ್ಮಿನ್" ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದವು. ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆಯೇ ಗ್ರಾಹಕರಿಗೆ ಮನವಿ ಮಾಡಿತು.

ನಿಮ್ಮ ವೈಫೈಯಿಂದ ಬೇರೆಯವರು ಮಾಡಿದ ಕೆಲಸಕ್ಕೆ ಮೊದಲು ಉತ್ತರ ಹೇಳಬೇಕಾದವರೂ ನೀವೇ. 2008ರ ಜುಲೈ 26ರ ಅಹಮದಾಬಾದ್ ಸರಣಿ ಸ್ಫೋಟಕ್ಕೆ ತುಸು ಮುಂಚೆ ಬಂದ ಬೆದರಿಕೆ ಇಮೇಲ್, ನವಿ ಮುಂಬೈನ ಒಂದು ಮನೆಯ ವೈಫೈ ಮೂಲಕ ಹೋಗಿತ್ತು. ಆ ಮನೆಯವರು ವಿಚಾರಣೆ ಎದುರಿಸಬೇಕಾಯಿತು.

ಏನು ಮಾಡಬೇಕು?

1. ಮನೆಯ ಉಪಕರಣಗಳನ್ನು ಎಣಿಸಿ. ಒಂದೊಂದರ ವೈಫೈ ಆಫ್ ಮಾಡುತ್ತಾ, ಪಟ್ಟಿಯಲ್ಲಿ ಯಾವ ಹೆಸರು ಮಾಯವಾಗುತ್ತದೆ ನೋಡಿ. ಕೆಲವು ರೌಟರ್‌ಗಳಲ್ಲಿ ಹೆಸರು ಹೋಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

2. ಯಾರದೆಂದು ತಿಳಿಯದ ಹೆಸರು ಉಳಿದರೆ ಅದನ್ನು ಬ್ಲಾಕ್ ಮಾಡಿ ಸುಮ್ಮನಾಗಬೇಡಿ; ವಿಳಾಸ ಬದಲಿಸಿಕೊಂಡು ಮತ್ತೆ ಬರಬಹುದು. ವೈಫೈ ಪಾಸ್‌ವರ್ಡನ್ನೇ ಬದಲಿಸಿ. ಆಗ ಎಲ್ಲವೂ ಹೊರಗೆ ಬೀಳುತ್ತವೆ. ನಿಮ್ಮವನ್ನಷ್ಟೇ ಮತ್ತೆ ಸೇರಿಸಿ.

3. ರೌಟರ್‌ನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬೇರೆಯೇ ಇರುತ್ತದೆ. ಅದನ್ನೂ ಬದಲಿಸಿ. ಡಬ್ಲ್ಯುಪಿಎಸ್ ಆಫ್ ಮಾಡಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಯ್ದುಕೊಳ್ಳಿ. ತಿಳಿಯದಿದ್ದರೆ ಇಂಟರ್ನೆಟ್ ಹಾಕಿಕೊಟ್ಟವರನ್ನು ಕೇಳಿ, ಎದುರಿಗೇ ಮಾಡಿಸಿಕೊಳ್ಳಿ.

4. ನೆಂಟರಿಗೂ ಪಕ್ಕದ ಮನೆಯವರಿಗೂ ಗೆಸ್ಟ್ ವೈಫೈ ಕೊಡಿ. ಒಬ್ಬರಿಗೆ ಕೊಟ್ಟ ಪಾಸ್‌ವರ್ಡ್ ಕ್ಯೂಆರ್ ಕೋಡ್ ಮೂಲಕ ಓಣಿಗೆಲ್ಲ ಹೋಗಲು ಒಂದು ನಿಮಿಷ ಸಾಕು.

5. ಫಾರ್ವರ್ಡ್ ಲಿಂಕ್‌ನಿಂದ ಆ್ಯಪ್ ಹಾಕಿಕೊಳ್ಳಬೇಡಿ. ಹ್ಯಾಕರ್ ಹಿಡಿಯುವ ಹೆಸರಿನಲ್ಲಿ ಬಂದ ಆ ಆ್ಯಪ್ಪೇ ನಿಮ್ಮ ಒಟಿಪಿ ಕದಿಯಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ, ಅಪರಿಚಿತ ಹೆಸರು ಹ್ಯಾಕ್ ಆಗಿದ್ದಕ್ಕೆ ಸಾಕ್ಷಿಯಲ್ಲ. ಅಂಥ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ನಿಮ್ಮ ರೌಟರ್‌ನ ಪಾಸ್‌ವರ್ಡ್ ಇನ್ನೂ "ಅಡ್ಮಿನ್" ಎಂದೇ ಇದೆಯೇ ನೋಡಿಕೊಳ್ಳಿ.