ತರಗತಿಯೊಳಗಿನ ತಂತ್ರಜ್ಞಾನ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಬಂದು ಎರಡು ದಶಕ ಮೀರಿತು. 2000ದ ದಶಕದ ಮೊದಲ ವರ್ಷಗಳಲ್ಲಿ ಮಾಹಿತಿ ಸಿಂಧು ಯೋಜನೆಯಡಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಗಳು ತೆರೆದವು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶ್ರೀಹರಿಕೋಟಾದಿಂದ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಶಾಲೆಗಳ ಟಿ.ವಿ. ಪರದೆಗೆ ಪಾಠ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರದ ಐಸಿಟಿ ಯೋಜನೆ ಶುರುವಾಯಿತು. ಮುಂದೆ ತಂತ್ರಜ್ಞಾನ ಆಧಾರಿತ ಕಲಿಕೆಯ ಟಾಲ್ಪ್ ಕಾರ್ಯಕ್ರಮ ಬಂತು, 2017ರ ಸೆಪ್ಟೆಂಬರ್ 5ರಂದು ಡಿಜಿಟಲ್ ಪಾಠಗಳ ವೇದಿಕೆ ದೀಕ್ಷಾ ಬಂತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಕಾಣಿಸಿಕೊಂಡಿತು, ಈಗ ಸ್ಮಾರ್ಟ್ ಕ್ಲಾಸ್‌ಗಳ ಕಾಲ. ಈ ಸಾಧನಗಳನ್ನು ದಿನವೂ ಬಳಸುವ ಶಿಕ್ಷಕರ ಅನುಭವ ಮಾತ್ರ ಯೋಜನೆ ರೂಪಿಸುವವರ ಮೇಜಿಗೆ ಬರುವುದು ಅಪರೂಪ. ಆ ಅನುಭವ ಹೇಳುವುದು ಇಷ್ಟು: ಯಾವ ಸಾಧನವನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಿಡಬೇಕು ಎಂಬ ತೀರ್ಮಾನ ಶಿಕ್ಷಕರದ್ದಾಗಿದ್ದ ಕಡೆ ಮಕ್ಕಳು ಕಲಿತಿದ್ದಾರೆ. ಆ ತೀರ್ಮಾನ ಬೇರೆಯವರದ್ದಾದ ಕಡೆ ಯಂತ್ರಗಳು ಧೂಳು ಹಿಡಿದಿವೆ, ಇಲ್ಲವೇ ಪಾಠದ ಹೊತ್ತನ್ನು ತಿಂದಿವೆ.

ಮೊದಲ ಹಂತದಲ್ಲಿ ನಡೆದದ್ದು ಇದೇ. ಐಸಿಟಿ ಲ್ಯಾಬ್‌ಗಳು ಹೆಚ್ಚಾಗಿ ಬೂಟ್ ಮಾದರಿಯಲ್ಲಿ ಬಂದವು. ಗುತ್ತಿಗೆ ಪಡೆದ ಸಂಸ್ಥೆ ಯಂತ್ರಗಳನ್ನು ಜೋಡಿಸಿ, ತನ್ನದೇ ಬೋಧಕರನ್ನಿಟ್ಟು ಕೆಲವು ವರ್ಷ ನಡೆಸಿ, ಆಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗುವ ವ್ಯವಸ್ಥೆ ಅದು. ಗಣಿತ, ವಿಜ್ಞಾನ, ಸಮಾಜ ಪಾಠ ಮಾಡುವವರು ಆ ಕೊಠಡಿಗೆ ಹೊರಗಿನವರಾಗಿಯೇ ಉಳಿದರು. ಕಂಪ್ಯೂಟರ್ ಎಂಬುದು ಬೇರೆಯದೇ ಒಂದು ಪಿರಿಯಡ್ ಆಯಿತು, ಮಕ್ಕಳು ಪೇಂಟ್‌ನಲ್ಲಿ ಮನೆ ಬಿಡಿಸಿ ಬಣ್ಣ ತುಂಬಿದರು. ಗುತ್ತಿಗೆ ಮುಗಿದಾಗ ಬೋಧಕರು ಹೋದರು, ಯುಪಿಎಸ್ ಬ್ಯಾಟರಿ ಸತ್ತಿತು, ಹೊಸ ಬ್ಯಾಟರಿಗೆ ಶಾಲೆಯ ಅನುದಾನ ಸಾಲಲಿಲ್ಲ. ಯಂತ್ರ ದಾಸ್ತಾನು ವಹಿಯಲ್ಲಿರುವುದರಿಂದ ಕಳುವಾದರೆ ಮುಖ್ಯಶಿಕ್ಷಕರೇ ಹೊಣೆ, ಹಾಗಾಗಿ ಕೊಠಡಿಗೆ ಬೀಗ ಬೀಳುತ್ತದೆ. ಕೆಟ್ಟದ್ದನ್ನು ದಾಸ್ತಾನಿನಿಂದ ತೆಗೆದುಹಾಕಲು ಓಡಾಡಬೇಕಾದ ಕಾಗದಪತ್ರಗಳನ್ನು ನೆನೆದೇ ಎಷ್ಟೋ ಶಾಲೆಗಳು ಸುಮ್ಮನಾಗುತ್ತವೆ, ಸತ್ತ ಮಾನಿಟರುಗಳು ಒಂದಿಡೀ ಕೊಠಡಿಯನ್ನು ಹಿಡಿದು ಕೂರುತ್ತವೆ. ಕೊಠಡಿಗಳಿಗೇ ಬರ ಇರುವಲ್ಲಿ ಇದು ಸಣ್ಣ ನಷ್ಟವಲ್ಲ.

ಗಾಳಿ ಬೇರೆ ದಿಕ್ಕಿಗೆ ಬೀಸಿದ್ದು ವಿಷಯ ಶಿಕ್ಷಕರ ವೇದಿಕೆ ಎಂಬ ತರಬೇತಿ ಕಾರ್ಯಕ್ರಮದಿಂದ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ಈ ತರಬೇತಿಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಲು, ತಮ್ಮ ವಿಷಯಕ್ಕೆ ಬೇಕಾದ ಸಾಮಗ್ರಿಯನ್ನು ತಾವೇ ಸಿದ್ಧಪಡಿಸಲು ಕಲಿತರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಹೀಗೆ ಶಿಕ್ಷಕರ ಕೈಯಿಂದಲೇ ಬೆಳೆಯಿತು. ಟಾಲ್ಪ್ ತರಬೇತಿಯೂ ಲ್ಯಾಬನ್ನು ವಿಷಯ ಶಿಕ್ಷಕರಿಗೆ ಒಪ್ಪಿಸಿತು. ಇಲಾಖೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದನ್ನು ಎಣಿಸಲೇಬೇಕು.

ವಿಷಯ ಶಿಕ್ಷಕರು ಸಾಧನವನ್ನು ಕೈಗೆತ್ತಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಜಿಯೋಜಿಬ್ರಾ ಒಳ್ಳೆಯ ಉದಾಹರಣೆ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತ. ಕಪ್ಪುಹಲಗೆಯ ಮೇಲೆ ಶಿಕ್ಷಕರು ಬರೆಯುವ ತ್ರಿಭುಜ ಸಾಮಾನ್ಯವಾಗಿ ಒಂದೇ ಬಗೆಯದು: ಪಾದ ಕೆಳಗೆ, ಶೃಂಗ ಮೇಲೆ, ಮೂರೂ ಬಾಹು ಹೆಚ್ಚುಕಡಿಮೆ ಸಮ. ಅದನ್ನೇ ನೋಡಿ ಬೆಳೆದ ಮಗುವಿಗೆ ಎತ್ತರ ಎಂದರೆ ತ್ರಿಭುಜದ ಒಳಗೆ ನೇರ ಕೆಳಗಿಳಿಯುವ ಗೆರೆ. ಪರದೆಯ ಮೇಲೆ ಶೃಂಗವನ್ನು ಬೆರಳಿನಲ್ಲಿ ಹಿಡಿದು ಪಕ್ಕಕ್ಕೆ ಎಳೆಯುತ್ತಾ ಹೋದರೆ ಒಂದು ಕ್ಷಣದಲ್ಲಿ ಆ ಗೆರೆ ಪಾದದ ಆಚೆಗೆ ಬೀಳುತ್ತದೆ. ವಿಶಾಲಕೋನ ತ್ರಿಭುಜದಲ್ಲಿ ಎತ್ತರ ಹೊರಗೂ ಇರಬಹುದು ಎಂಬುದನ್ನು ಹತ್ತು ಚಿತ್ರ ಬರೆದು ಹೇಳಿದರೂ ಒಪ್ಪದ ಮಗು ಆ ಗಳಿಗೆಯಲ್ಲಿ ಒಪ್ಪುತ್ತದೆ. ಮೂರು ಎತ್ತರಗಳು ಸೇರುವ ಲಂಬಕೇಂದ್ರ ತ್ರಿಭುಜದ ಒಳಗಿನಿಂದ ಲಂಬಕೋನದ ಶೃಂಗಕ್ಕೆ, ಅಲ್ಲಿಂದ ಹೊರಕ್ಕೆ ನಡೆದುಹೋಗುವುದನ್ನು ನೋಡಿ ಮಕ್ಕಳು ಮತ್ತೆ ಮತ್ತೆ ಎಳೆಯುತ್ತಾರೆ.

ಅದೇ ಪಾಠದಲ್ಲಿ ಇನ್ನೊಂದು ಘಟ್ಟವಿದೆ. ಮೂರು ಒಳಕೋನಗಳ ಅಳತೆಯನ್ನು ಪರದೆ ಎರಡು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಿ ತೋರಿಸುತ್ತದೆ. ಕೂಡಿ ನೋಡುವ ಮಗುವಿಗೆ ಕೆಲವೊಮ್ಮೆ 180.01 ಸಿಗುತ್ತದೆ, ಕೆಲವೊಮ್ಮೆ 179.99. ಪುಸ್ತಕದಲ್ಲಿ 180 ಎಂದಿದೆ, ಕಂಪ್ಯೂಟರ್ ತಪ್ಪೇ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ಎದ್ದ ತರಗತಿಯಷ್ಟು ಸೊಗಸಾದ ಗಣಿತ ತರಗತಿ ಇನ್ನೊಂದಿಲ್ಲ. ಅಳತೆಯಲ್ಲಿ ಯಾವಾಗಲೂ ಒಂದಿಷ್ಟು ಅಂದಾಜು ಇರುತ್ತದೆ, ಸಾಧನೆಯಲ್ಲಿ ಇರುವುದಿಲ್ಲ. ಪಾದಕ್ಕೆ ಸಮಾಂತರವಾಗಿ ಶೃಂಗದ ಮೂಲಕ ಒಂದು ರೇಖೆ ಎಳೆದು ಪರ್ಯಾಯ ಕೋನಗಳಿಂದ ಸಾಧಿಸಿದಾಗ ಬರುವ 180 ಯಾವ ಪರದೆಯನ್ನೂ ಅವಲಂಬಿಸಿಲ್ಲ. ಇದನ್ನು ಹೇಳಲು ಪ್ರೊಜೆಕ್ಟರ್ ಆರಿಸಿ ಸೀಮೆಸುಣ್ಣ ಹಿಡಿಯಬೇಕು. ಯಾವಾಗ ಆರಿಸಬೇಕು ಎಂಬುದು ಸಾಧನದ ಕೈಪಿಡಿಯಲ್ಲಿ ಇರುವುದಿಲ್ಲ, ಎದುರಿಗೆ ಕುಳಿತ ಮಕ್ಕಳ ಮುಖದಲ್ಲಿ ಇರುತ್ತದೆ.

ವಿಜ್ಞಾನದಲ್ಲಿಯೂ ಹೀಗೆಯೇ. ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಸ್ಥಾಪಿಸಿದ ಫೆಟ್ ಅನುಕರಣೆಗಳು ಕನ್ನಡದಲ್ಲೂ ಸಿಗುತ್ತವೆ. ವಿದ್ಯುತ್ ಮಂಡಲದ ಅನುಕರಣೆಯಲ್ಲಿ ತಂತಿಯೊಳಗೆ ಎಲೆಕ್ಟ್ರಾನುಗಳು ಸಾಲಾಗಿ ಸಾಗುವುದು ಕಾಣುತ್ತದೆ, ಬ್ಯಾಟರಿಯ ಎರಡು ತುದಿಗಳನ್ನು ಬರೀ ತಂತಿಯಿಂದ ಸೇರಿಸಿದರೆ ಬೆಂಕಿ ಹೊತ್ತುತ್ತದೆ. ಮೇಜಿನ ಮೇಲಿನ ಬಲ್ಬು, ಸೆಲ್ಲುಗಳಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. ಆದರೆ ಸಡಿಲ ಜೋಡಣೆ, ತುಕ್ಕು ಹಿಡಿದ ಹೋಲ್ಡರ್, ಹಳೆಯ ಸೆಲ್ಲು ಇವೆಲ್ಲ ಪರದೆಯಲ್ಲಿಲ್ಲ. ಮೊದಲು ನಿಜವಾದ ಬಲ್ಬು ಹೊತ್ತಿಸಿ, ಆಮೇಲೆ ಅನುಕರಣೆ ತೋರಿಸಿ, ಮತ್ತೆ ಬಲ್ಬಿಗೆ ಮರಳುವ ಕ್ರಮವನ್ನು ಅನುಭವಿ ಶಿಕ್ಷಕರು ಕಂಡುಕೊಂಡಿದ್ದಾರೆ. ಈ ಅನುಕರಣೆಗಳನ್ನು ಒಮ್ಮೆ ಇಳಿಸಿಕೊಂಡರೆ ಪೆನ್‌ಡ್ರೈವ್‌ನಿಂದಲೇ ನಡೆಸಬಹುದು, ನೆಟ್‌ವರ್ಕ್ ಬೇಡ. ದೀಕ್ಷಾದ ವಿಡಿಯೊಗಳನ್ನೂ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯು-ಡೈಸ್ ಪ್ಲಸ್‌ನ 2023–24ರ ವರದಿಯ ಪ್ರಕಾರ ದೇಶದ ಶಾಲೆಗಳಲ್ಲಿ ಅಂತರ್ಜಾಲ ಸಂಪರ್ಕ ಇದ್ದದ್ದು ಶೇ. 53.9ರಲ್ಲಿ. ನೆಟ್‌ವರ್ಕ್ ಇದೆ ಎಂದು ನಂಬಿ ಪಾಠ ಯೋಜಿಸುವುದಕ್ಕಿಂತ ಇಲ್ಲವೆಂದೇ ಭಾವಿಸಿ ಯೋಜಿಸುವುದು ಲೇಸು.

ಕೊರೊನಾ ಕಾಲ ಸಾಧನಗಳ ಮಿತಿಯನ್ನೂ ಶಿಕ್ಷಕರ ಕಸುವನ್ನೂ ಒಟ್ಟಿಗೆ ತೋರಿಸಿತು. 2020ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಚೆನ್ನಾಗಿ ಸಿದ್ಧವಾದ ಪಾಠಗಳು, ಆದರೆ ಟಿ.ವಿ.ಗೆ ಪ್ರಶ್ನೆ ಕೇಳಲಾಗದು, ಕರೆಂಟ್ ಹೋದರೆ ಪಾಠವೂ ಹೋಯಿತು. ಆ ವರ್ಷದ ಅಸರ್ ಸಮೀಕ್ಷೆ ದೇಶದ ಗ್ರಾಮೀಣ ಶಾಲಾ ಮಕ್ಕಳಲ್ಲಿ ಶೇ. 62ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೆಂದು ಹೇಳಿತು. ಆ ಫೋನು ಬೆಳಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ ಎಂಬುದು ಶಿಕ್ಷಕರಿಗೆ ಗೊತ್ತಿತ್ತು. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಮನೆಯಲ್ಲಿರುವ ಸಾಧನದ ಆಧಾರದ ಮೇಲೆ ಗುಂಪು ಮಾಡಿ, ಶಿಕ್ಷಕರು ದೇವಸ್ಥಾನದ ಜಗಲಿಗೆ, ಅರಳಿಕಟ್ಟೆಗೆ, ವಠಾರಕ್ಕೆ ತಾವೇ ನಡೆದು ಹೋದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಿಲ್ಲುವವರೆಗೆ ಏನೂ ಇಲ್ಲದ ಮಗುವನ್ನು ತಲುಪಿದ್ದು ಆ ನಡಿಗೆಯೇ.

ಲಿಪಿಯ ತೊಡಕು ಚಿಕ್ಕದೆಂದು ಕಾಣುತ್ತದೆ, ಆದರೆ ಶಾಲೆಗಳಲ್ಲಿ ಅದರಷ್ಟು ಹೊತ್ತು ಹಾಳು ಮಾಡಿದ್ದು ಕಡಿಮೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ವಾಟ್ಸ್ಆ್ಯಪ್ ಗುಂಪಿಗೆ ಬಂದಾಗ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿಗೆ ಪರಿವರ್ತಿಸಿದರೆ ಒಂದಷ್ಟು ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಸಾಲು ಸಾಲಾಗಿ ತಿದ್ದಬೇಕು. ದೃಷ್ಟಿದೋಷವಿರುವ ಶಿಕ್ಷಕರ ಪಾಡು ಇನ್ನೂ ಕಷ್ಟ. ಇ-ಸ್ಪೀಕ್‌ನಂಥ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಳೆಯ ಫಾಂಟಿನ ಸುತ್ತೋಲೆಯನ್ನು ಅದು ಓದಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೇಳಿಸುತ್ತವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಏನೂ ಕೇಳಿಸುವುದಿಲ್ಲ.

ಪಾಠಕ್ಕೆ ಬಂದ ಸಾಧನ ಮೇಲಿನವರಿಗೆ ಲೆಕ್ಕ ಒಪ್ಪಿಸುವ ಸಾಧನವಾದಾಗ ತರಗತಿ ಸೊರಗುತ್ತದೆ. ರಾಜ್ಯದ ವಿದ್ಯಾರ್ಥಿ ಮಾಹಿತಿ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಮಗುವಿನ ವಿವರ ತುಂಬಬೇಕು, ಕೇಂದ್ರದ ಯು-ಡೈಸ್ ಪ್ಲಸ್‌ನಲ್ಲಿ ಅದೇ ಮಗುವಿನ ವಿವರ ಮತ್ತೆ ಬೇಕು, ಬಿಸಿಯೂಟದ ಲೆಕ್ಕ ಬೇರೆ, ಕಾರ್ಯಕ್ರಮ ನಡೆದದ್ದಕ್ಕೆ ಫೋಟೊ ಬೇರೆ. ಸರ್ವರ್ ನಿಧಾನವಾದಷ್ಟೂ ಶಿಕ್ಷಕರ ಸಂಜೆ ಉದ್ದವಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ಕೆಲಸ ಮೊಬೈಲಿನೊಳಗೆ ಬಂದ ಮಾತ್ರಕ್ಕೆ ಅದರ ಭಾರ ಇಲ್ಲವಾಗುವುದಿಲ್ಲ. ಏಕೋಪಾಧ್ಯಾಯ ಶಾಲೆಯಲ್ಲಿ ಮಾಹಿತಿ ತುಂಬುವ ಹೊತ್ತಿನಲ್ಲಿ ಪಾಠ ಮಾಡಲು ಇನ್ನೊಬ್ಬರಿಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳೂ ಈಗ ಸ್ಟಾಫ್ ರೂಮಿಗೆ ಬಂದಿವೆ. ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ ರೂಪಿಸಿದ ಶಿಕ್ಷಾ ಕೋಪೈಲಟ್ 2023ರಲ್ಲಿ ಬೆಂಗಳೂರು ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಕ್ಕೆ ಬಂತು. ಪಾಠಯೋಜನೆ ಬರೆಯುವ ಹೊತ್ತು ಉಳಿಯುವುದು ದೊಡ್ಡ ಅನುಕೂಲವೇ. ಆದರೆ ಇಂಥ ಸಾಧನ ಕೊಟ್ಟ ಉತ್ತರವನ್ನು ಪಠ್ಯಪುಸ್ತಕದ ಜೊತೆ ಇಟ್ಟು ನೋಡದೆ ಮಕ್ಕಳ ಮುಂದಿಡಲಾಗದು, ಆ ನೋಟಕ್ಕೆ ವಿಷಯಜ್ಞಾನ ಬೇಕು.

ಇಲಾಖೆಯಿಂದ ಆಗಬೇಕಾದ ಕೆಲಸಗಳು ಈ ಅನುಭವದಿಂದಲೇ ಹೊರಡುತ್ತವೆ. ಹೊಸ ಯಂತ್ರ ಖರೀದಿಸುವ ಆದೇಶದಲ್ಲಿಯೇ ಬ್ಯಾಟರಿ, ಪ್ರೊಜೆಕ್ಟರ್ ಲ್ಯಾಂಪ್, ದುರಸ್ತಿಗೆ ಪ್ರತಿವರ್ಷದ ಹಣ ಸೇರಿರಬೇಕು, ತಾಲ್ಲೂಕಿಗೊಬ್ಬ ತಂತ್ರಜ್ಞ ಬಿಇಒ ಕಚೇರಿಯಲ್ಲಿ ಇರಬೇಕು. ಸಾಧನವನ್ನು ಮಕ್ಕಳು ಬಳಸುವಾಗ ಕೆಟ್ಟರೆ ಮುಖ್ಯಶಿಕ್ಷಕರ ಸಂಬಳಕ್ಕೆ ಕೈ ಹಾಕುವುದಿಲ್ಲ ಎಂಬ ಲಿಖಿತ ಭರವಸೆ ಬಂದರೆ ಬೀಗಗಳು ತಾವಾಗಿ ತೆರೆಯುತ್ತವೆ. ಒಮ್ಮೆ ತುಂಬಿದ ಮಾಹಿತಿಯನ್ನು ಇನ್ನೊಂದು ತಂತ್ರಾಂಶಕ್ಕೆ ಸರ್ಕಾರವೇ ಸಾಗಿಸಿಕೊಳ್ಳಲಿ. ಸುತ್ತೋಲೆ, ಪ್ರಶ್ನೆಕೋಶ, ತರಬೇತಿ ಸಾಹಿತ್ಯ ಯೂನಿಕೋಡ್‌ನಲ್ಲಿ ಮಾತ್ರ ಹೊರಡಲಿ. ಇದಕ್ಕೆ ಖರ್ಚಿಲ್ಲ, ಒಂದು ಆದೇಶ ಸಾಕು. ಎಲ್ಲಕ್ಕಿಂತ ತುರ್ತಾದದ್ದು ವಿಷಯ ಶಿಕ್ಷಕರ ವೇದಿಕೆಯಂಥ ಕೂಟಗಳನ್ನು ಪ್ರತಿ ತಾಲ್ಲೂಕಿನಲ್ಲಿ ಮತ್ತೆ ಕಟ್ಟುವುದು. ತಿಂಗಳಿಗೊಮ್ಮೆ ಕೆಲಸದ ದಿನದಲ್ಲಿಯೇ ಸೇರಿ, ತರಗತಿಯಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ಶಿಕ್ಷಕರು ಪರಸ್ಪರ ತೋರಿಸಿಕೊಳ್ಳಲು ಅಲ್ಲಿ ಅವಕಾಶವಿರಬೇಕು. ಮುಂದಿನ ಖರೀದಿಯ ಪಟ್ಟಿ ಸಿದ್ಧವಾಗುವ ಮೊದಲು ಆ ಕೂಟಗಳ ಅಭಿಪ್ರಾಯ ತಮ್ಮ ಕಚೇರಿಗೆ ತಲುಪುವ ದಾರಿಯೊಂದು ತೆರೆಯಲಿ.


ಸರ್ಕಾರಿ ಪ್ರೌಢಶಾಲೆಯ ಒಬ್ಬ ಗಣಿತ ಶಿಕ್ಷಕಿ